ಕಾಳು ಕಾಯುವ ಚೀಲ: ಗಾಳಿಯಾಡದ ಮೂರು ಪದರದ ಸಂಗ್ರಹ ಚೀಲವನ್ನು ಬಳಸಿ ನೋಡಿದ ಮೇಲೆ

ಅವರೆ, ಅಲಸಂದೆ, ಹುರುಳಿ, ತೊಗರಿ ಬೆಳೆದು ವರ್ಷದ ಊಟಕ್ಕೆ ಮನೆಯಲ್ಲಿಟ್ಟುಕೊಳ್ಳುವ ಮತ್ತು ಮುಂದಿನ ಬಿತ್ತನೆಗೆ ಬೀಜ ಎತ್ತಿಡುವ ಕುಟುಂಬಗಳು ಈ ಚೀಲವನ್ನು ಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ, ಖಂಡಿತ ಕೊಳ್ಳಿ ಎಂದೇ ಹೇಳುತ್ತೇನೆ. ರಾಗಿ ತುಂಬಲು ಮಾತ್ರ ಬೇಡ. ಅದರ ಕಾರಣ ಮುಂದೆ ಬರುತ್ತದೆ. ಮೇಲುಕೋಟೆಯ ಬೆಟ್ಟದ ಸೀಮೆಯಲ್ಲಿ ಮಳೆಯನ್ನೇ ನಂಬಿದ ಹೊಲವಿರುವ ನಮ್ಮ ಮನೆಯಲ್ಲಿ ಕಾಳಿಗೆ ಹುಳ ಬೀಳುವುದು ಬಿಸಿಲು ಮಳೆಗಳಷ್ಟೇ ಸಹಜವೆಂದು ಎಲ್ಲರೂ ಒಪ್ಪಿಕೊಂಡಿದ್ದರು. ಒಪ್ಪಿಕೊಳ್ಳಬೇಕಾದ ಅಗತ್ಯವಿಲ್ಲ ಎಂಬುದನ್ನು ಈ ಚೀಲ ತೋರಿಸಿಕೊಟ್ಟಿದೆ.

ನೋಡಲು ಇದು ಗೊಬ್ಬರದ ಅಂಗಡಿಯ ಮುಂದೆ ಪೇರಿಸಿಟ್ಟಿರುವ ನೇಯ್ದ ಪ್ಲಾಸ್ಟಿಕ್ ಚೀಲದಂತೆಯೇ ಇದೆ. ವ್ಯತ್ಯಾಸವಿರುವುದು ಒಳಗೆ. ಹೊರಗಿನ ನೇಯ್ಗೆಯ ಚೀಲ ಭಾರ ಹೊರುವುದಕ್ಕೆ ಮತ್ತು ತರಚು ತಡೆಯುವುದಕ್ಕೆ; ಅದರೊಳಗೆ ಒಂದರೊಳಗೊಂದು ಸೇರಿದ ಎರಡು ದಪ್ಪ ಪಾಲಿಥೀನ್ ಚೀಲಗಳಿದ್ದು, ಒಂದೊಂದೂ ಸುಮಾರು 80 ಮೈಕ್ರಾನ್ ದಪ್ಪವಿರುತ್ತದೆ. ಕಾಳನ್ನು ಒಳಗಿನ ಚೀಲಕ್ಕೆ ತುಂಬಿ, ಗಾಳಿ ಹೊರಹೋಗುವಂತೆ ಒತ್ತಿ, ಬಾಯನ್ನು ಬಿಗಿಯಾಗಿ ತಿರುಚಿ, ತಿರುಚಿದ ಭಾಗವನ್ನು ಮಡಿಸಿ ಕಟ್ಟಬೇಕು. ಆಮೇಲೆ ಎರಡನೆಯದನ್ನು, ಕೊನೆಗೆ ಹೊರಗಿನದನ್ನು ಇದೇ ಕ್ರಮದಲ್ಲಿ ಕಟ್ಟಬೇಕು. ಮದ್ದಿಲ್ಲ, ಗುಳಿಗೆಯಿಲ್ಲ, ಪುಡಿಯಿಲ್ಲ, ಕರೆಂಟಿನ ಹಂಗೂ ಇಲ್ಲ.

ಹಾಗಾದರೆ ಹುಳ ಸಾಯುವುದು ಹೇಗೆ ಎಂಬುದನ್ನು ತಿಳಿದುಕೊಂಡವರು ಮಾತ್ರ ಇದನ್ನು ಸರಿಯಾಗಿ ಬಳಸಬಲ್ಲರು ಎಂಬುದು ನನ್ನ ಅನಿಸಿಕೆಯಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಕಾಳು ಕೊರೆಯುವ ದುಂಬಿ ನಮ್ಮ ಮನೆಯಲ್ಲೇ ಹುಟ್ಟಿ ಬರುವುದಲ್ಲ. ಬಹಳ ಸಲ ಅದು ಹೊಲದಿಂದಲೇ ಕಾಳಿನ ಜೊತೆ ಬರುತ್ತದೆ. ಕಾಯಿ ಬಲಿತು ಒಣಗುವ ಹೊತ್ತಿಗೆ ಹೆಣ್ಣು ದುಂಬಿ ಅದರ ಮೇಲೆ ಮೊಟ್ಟೆಯಿಡುತ್ತದೆ, ಮರಿ ಕಾಳಿನೊಳಕ್ಕೆ ಕೊರೆದುಕೊಂಡು ಹೋಗುತ್ತದೆ, ಹೊರಗಿನಿಂದ ನೋಡಿದರೆ ಕಾಳು ಗಟ್ಟಿಯಾಗಿಯೇ ಕಾಣುತ್ತದೆ. ಬೆಚ್ಚಗಿನ ಹವೆಯಲ್ಲಿ ಮೂರು ನಾಲ್ಕು ವಾರಕ್ಕೆ ಒಂದು ತಲೆಮಾರು ಮುಗಿಯುವುದರಿಂದ, ಪುಷ್ಯ ಮಾಸದಲ್ಲಿ ಕಣದಿಂದ ಬಂದ ಅವರೆಯಲ್ಲಿದ್ದ ಬೆರಳೆಣಿಕೆಯ ಹುಳಗಳು ಯುಗಾದಿ ಕಳೆಯುವಷ್ಟರಲ್ಲಿ ಚೀಲದ ಕಾಳನ್ನೆಲ್ಲ ತೂತು ಮಾಡಿ ಹಿಟ್ಟು ಉದುರಿಸುತ್ತವೆ. ಗಾಳಿಯಾಡದ ಚೀಲದಲ್ಲೂ ಈ ಹುಳಗಳು ಮೊದಲು ಬದುಕಿಯೇ ಇರುತ್ತವೆ, ಉಸಿರಾಡುತ್ತವೆ, ಒಳಗಿರುವ ಆಮ್ಲಜನಕವನ್ನು ತಾವೇ ತೀರಿಸುತ್ತವೆ. ಗಾಳಿಯಲ್ಲಿ ಶೇಕಡ 21ರಷ್ಟಿರುವ ಆಮ್ಲಜನಕ ಕೆಲವೇ ದಿನಗಳಲ್ಲಿ ಶೇಕಡ 5ಕ್ಕಿಂತ ಕೆಳಗಿಳಿದಾಗ ಅವು ತಿನ್ನುವುದನ್ನು ನಿಲ್ಲಿಸುತ್ತವೆ. ಒಣಗಿದ ಕಾಳಿನಲ್ಲಿ ಬದುಕುವ ಹುಳಕ್ಕೆ ಕುಡಿಯಲು ನೀರಿರುವುದಿಲ್ಲ. ತಿಂದ ಆಹಾರವನ್ನು ಆಮ್ಲಜನಕದ ನೆರವಿನಿಂದ ದೇಹದೊಳಗೆ ಉರಿಸಿದಾಗ ಹುಟ್ಟುವ ನೀರೇ ಅದಕ್ಕೆ ಆಧಾರ. ಆಮ್ಲಜನಕ ತೀರಿದರೆ ಆ ನೀರೂ ಇಲ್ಲ. ಹೀಗಾಗಿ ಉಸಿರುಕಟ್ಟಿ ಸಾಯುವುದಕ್ಕಿಂತ ಹೆಚ್ಚಾಗಿ ಅವು ಬಾಯಾರಿ ಸಾಯುತ್ತವೆ.

ಈ ವಿಧಾನವನ್ನು ರೂಪಿಸಿದ್ದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞ ಲ್ಯಾರಿ ಮರ್ಡಾಕ್ ಮತ್ತು ಅವರ ಸಂಗಡಿಗರು. 1980ರ ದಶಕದ ಕೊನೆಯಲ್ಲಿ ಆಫ್ರಿಕಾದ ಕ್ಯಾಮರೂನ್ ದೇಶದ ಉತ್ತರ ಭಾಗದ ಸಣ್ಣ ರೈತರಿಗಾಗಿ ಅವರು ಈ ಕೆಲಸ ಮಾಡಿದರು. ಅಲ್ಲಿ ಅವರು ಉಳಿಸಲು ಹೊರಟಿದ್ದ ಬೆಳೆ ಬೇರೇನೂ ಅಲ್ಲ, ಅಲಸಂದೆ. ಮುಂಗಾರು ಪೂರ್ವದ ಮಳೆಗೆ ನಂಜನಗೂಡು, ಹುಣಸೂರು, ಎಚ್.ಡಿ. ಕೋಟೆಗಳ ಕಡೆ ಬಿತ್ತುವ ಅದೇ ಅಲಸಂದೆ, ಅದನ್ನು ತಿನ್ನುವ ದುಂಬಿಯೂ ಅದೇ ಜಾತಿಯದು. 2007ರಿಂದ ಗೇಟ್ಸ್ ಪ್ರತಿಷ್ಠಾನದ ನೆರವಿನಿಂದ ‘ಪಿಕ್ಸ್’ ಎಂಬ ಹೆಸರಿನಲ್ಲಿ ಈ ಚೀಲಗಳು ಪಶ್ಚಿಮ ಆಫ್ರಿಕಾದ ಹಳ್ಳಿಗಳಿಗೆ ದೊಡ್ಡ ಪ್ರಮಾಣದಲ್ಲಿ ತಲುಪಿದವು. ಫಿಲಿಪ್ಪೀನ್ಸ್‌ನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರ ಮಾಡುವ ಇನ್ನೊಂದು ಬಗೆಯಲ್ಲಿ ಎರಡು ಪಾಲಿಥೀನ್ ಪದರಗಳ ಬದಲು ಆಮ್ಲಜನಕವನ್ನು ತಡೆಯುವ ವಿಶೇಷ ಹಾಳೆಯ ಒಂದೇ ಒಳಚೀಲವಿರುತ್ತದೆ. ಅದನ್ನು ಸಾಧಾರಣ ಗೋಣಿಚೀಲದೊಳಗೆ ಸೇರಿಸಿ ಬಳಸಬಹುದು. ಎರಡೂ ಕೆಲಸ ಮಾಡುವ ತತ್ವ ಒಂದೇ.

ಇದು ಹೊರಗಿನಿಂದ ಬಂದ ವಿದ್ಯೆ ಎಂದು ನಮ್ಮ ಕಡೆಯ ಹಿರಿಯರಿಗೆ ಅನಿಸುವುದಿಲ್ಲ. ಚೀಲದ ಬಾಯಿ ತಿರುಚಿ ಕಟ್ಟುವುದನ್ನು ಜಗುಲಿಯ ಮೇಲಿಂದ ನೋಡುತ್ತಿದ್ದ ಮಾವನವರು, “ಹಗೇವಿನ ಬಾಯಿಗೆ ಮಣ್ಣು ಮೆತ್ತಿ ನಾವು ಮಾಡ್ತಿದ್ದದ್ದೂ ಇದೇ ಕಣವ್ವ, ಈಗ ಅದು ಚೀಲಕ್ಕೆ ಬಂದದೆ” ಎಂದರು. ಅವರ ಮಾತು ವಿಜ್ಞಾನದ ದೃಷ್ಟಿಯಿಂದಲೂ ಅಕ್ಷರಶಃ ಸರಿಯಾಗಿದೆ. ನೆಲದಲ್ಲಿ ತೋಡಿದ ಹಗೇವಿಗೆ ರಾಗಿ ಸುರಿದು, ಹುಲ್ಲು ಹಾಸಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿದರೆ ಒಳಗಿನ ಆಮ್ಲಜನಕ ತೀರಿಹೋಗುತ್ತಿತ್ತು. ಆದ್ದರಿಂದಲೇ ಹಗೇವು ತೆಗೆದವರು ತಕ್ಷಣ ಒಳಗಿಳಿಯದೆ, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಮನುಷ್ಯರನ್ನು ಇಳಿಸುತ್ತಿದ್ದರು. ಆ ಎಚ್ಚರಿಕೆಯನ್ನು ಮರೆತು ಜೀವ ಕಳೆದುಕೊಂಡವರ ಕಥೆಗಳು ರಾಗಿ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಇವೆ.

ಇನ್ನು ಬಳಕೆಯ ಅನುಭವ. ಒಂದೇ ಹೊಲದ, ಒಂದೇ ದಿನ ಬಡಿದು ತೂರಿದ ಅವರೆಯನ್ನು ಎರಡು ಭಾಗ ಮಾಡಿ, ಒಂದನ್ನು ಎಂದಿನಂತೆ ಬೇವಿನ ಸೊಪ್ಪು ಬೆರೆಸಿ ಗೋಣಿಚೀಲದಲ್ಲಿಯೂ ಇನ್ನೊಂದನ್ನು ಈ ಚೀಲದಲ್ಲಿಯೂ ಕಟ್ಟಿ, ಒಂದೇ ಕೋಣೆಯ ಮರದ ಹಲಗೆಯ ಮೇಲೆ ಇಟ್ಟೆವು. ಆಷಾಢದಲ್ಲಿ ಬಿತ್ತನೆಗೆಂದು ಎರಡನ್ನೂ ಬಿಚ್ಚಿದಾಗ ಗೋಣಿಚೀಲದ ಕಾಳನ್ನು ಮೊರಕ್ಕೆ ಸುರಿದ ಕೂಡಲೇ ಬಿಳಿಯ ಹಿಟ್ಟು ಎದ್ದಿತು; ಒಂದು ಹಿಡಿಯಲ್ಲಿ ತೂತಿಲ್ಲದ ಕಾಳನ್ನು ಹುಡುಕಿ ತೆಗೆಯಬೇಕಾಗಿತ್ತು; ಕಂದು ಬಣ್ಣದ ಸಣ್ಣ ದುಂಬಿಗಳು ಮೊರದ ಅಂಚಿಗೆ ಹರಿದಾಡುತ್ತಿದ್ದವು. ಗಾಳಿಯಾಡದ ಚೀಲದ ಕಾಳಿನಲ್ಲಿ, ತಿರುಚಿದ ಬಾಯಿಯ ಮಡಿಕೆಗಳ ಹತ್ತಿರ ಒಂದಷ್ಟು ಸತ್ತ ದುಂಬಿಗಳು ಒಣಗಿ ಅಂಟಿಕೊಂಡಿದ್ದವು. ಕಟ್ಟುವ ಮೊದಲೇ ಕುಟ್ಟೆ ಹಿಡಿದಿದ್ದ ಕೆಲವು ಕಾಳು ಹಾಗೆಯೇ ಇದ್ದವು, ಹೊಸದಾಗಿ ಹಿಟ್ಟು ಉದುರಿರಲಿಲ್ಲ, ಕಾಳಿನ ಬಣ್ಣ ಮಾಸಿರಲಿಲ್ಲ, ಹಲ್ಲಿಗಿಟ್ಟರೆ ಕಟಕ್ಕೆಂದು ಒಡೆಯುವಷ್ಟು ಗಟ್ಟಿಯಾಗಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ನೋಡಿದಾಗ ಈ ಚೀಲದ ಕಾಳು ಹೆಚ್ಚುಕಡಿಮೆ ಎಲ್ಲವೂ ಬಾಯಿ ಬಿಟ್ಟಿತು, ಗೋಣಿಚೀಲದ್ದು ಅರ್ಧವೂ ಏಳಲಿಲ್ಲ. ಬೀಜದ ವಿಷಯದಲ್ಲಿ ಇದು ನನಗೆ ಅತ್ಯಂತ ಮುಖ್ಯವೆನಿಸಿದ ಫಲಿತಾಂಶ. ಭತ್ತದ ಬೀಜ ಸಾಮಾನ್ಯವಾಗಿ ಆರು ತಿಂಗಳು ಉಳಿಸಿಕೊಳ್ಳುವ ಮೊಳೆಯುವ ಶಕ್ತಿಯನ್ನು ಇಂಥ ಚೀಲ ಹನ್ನೆರಡು ತಿಂಗಳವರೆಗೆ ಕಾಪಾಡುತ್ತದೆ ಎಂದು ಭತ್ತ ಸಂಶೋಧನಾ ಸಂಸ್ಥೆ ಹೇಳುವುದೂ ನಾವು ಕಂಡದ್ದಕ್ಕೆ ಹೊಂದುತ್ತದೆ.

ಬೆಲೆಯ ಮಾತು. ಐವತ್ತು ಕಿಲೋ ಹಿಡಿಯುವ ಚೀಲ ನಮಗೆ ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ದೊರೆಯಿತು. ಹಳೆಯ ಗೊಬ್ಬರದ ಚೀಲವನ್ನು ತೊಳೆದು ಬಳಸುವ ಮನೆಗೆ ಇದು ಮೊದಲ ನೋಟಕ್ಕೆ ದುಬಾರಿಯೇ. ಆದರೆ ಎರಡು ಮೂರು ಕಿಲೋ ಕಾಳು ಉಳಿದರೆ ಚೀಲದ ಹಣ ಬಂದಂತೆ, ಮತ್ತು ತೂತು ಬೀಳದಂತೆ ನೋಡಿಕೊಂಡರೆ ಒಂದೇ ಚೀಲ ಎರಡು ಮೂರು ಹಂಗಾಮಿಗೆ ಬರುತ್ತದೆ. ಇದಕ್ಕಿಂತ ದೊಡ್ಡ ಲಾಭ ಲೆಕ್ಕದ ಪುಸ್ತಕದಲ್ಲಿ ನೇರವಾಗಿ ಕಾಣುವುದಿಲ್ಲ: ಹುಳ ಬೀಳುತ್ತದೆಂಬ ಹೆದರಿಕೆಯಿಂದ ಕಣದಲ್ಲಿಯೇ, ಎಲ್ಲರ ಕಾಳೂ ಒಟ್ಟಿಗೆ ಮಾರುಕಟ್ಟೆಗೆ ಬಂದು ಬೆಲೆ ಕುಸಿದಿರುವ ದಿನಗಳಲ್ಲಿಯೇ ಮಾರಿ, ಮಳೆಗಾಲದಲ್ಲಿ ಅದೇ ಕಾಳನ್ನು ಊಟಕ್ಕೂ ಬೀಜಕ್ಕೂ ಹೆಚ್ಚಿನ ಬೆಲೆ ತೆತ್ತು ಕೊಳ್ಳುವ ಪರಿಸ್ಥಿತಿ ತಪ್ಪುತ್ತದೆ. ಯಾವಾಗ ಮಾರಬೇಕು ಎಂದು ತೀರ್ಮಾನಿಸುವ ಹಕ್ಕು ಸಣ್ಣ ರೈತನ ಕೈಗೆ ಬರುವುದು ಕಾಳನ್ನು ಇಟ್ಟುಕೊಳ್ಳಲು ಸಾಧ್ಯವಾದಾಗ ಮಾತ್ರ.

ಆಹಾರ ಭದ್ರತೆಯ ಚರ್ಚೆಗಳಲ್ಲಿ ಈ ಅಂಶಕ್ಕೆ ಸಿಗಬೇಕಾದಷ್ಟು ಸ್ಥಾನ ಸಿಕ್ಕಿಲ್ಲ ಎಂಬ ಕೊರಗು ನನಗಿದೆ. ಕೃಷ್ಣರಾಜಸಾಗರದ ನೀರು, ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ಹೊರಬಂದ ಭತ್ತ ಮತ್ತು ರಾಗಿಯ ತಳಿಗಳು, ಅಲ್ಲಿಯೇ ದುಡಿದು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯನವರ ಸಾಧನೆ, ಇವೆಲ್ಲವೂ ಹೆಚ್ಚು ಬೆಳೆಯುವ ಕಡೆಗೆ ನಡೆದ ಮಹತ್ತಾದ ಕೆಲಸಗಳು. ಬೆಳೆದದ್ದು ಮನೆಯಲ್ಲಿ ಉಳಿಯುವುದು ಇನ್ನೊಂದು ಕೆಲಸ. 1996ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಆಹಾರ ಶೃಂಗಸಭೆ ಆಹಾರ ಭದ್ರತೆಯೆಂದರೆ ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಸಾಕಷ್ಟು ಪೌಷ್ಟಿಕ ಆಹಾರ ಎಟುಕುವುದು ಎಂದು ವಿವರಿಸಿತು. ಸಣ್ಣ ಹಿಡುವಳಿದಾರರ ಮನೆಯಲ್ಲಿ ಆ ‘ಎಲ್ಲ ಕಾಲ’ ನಿಂತಿರುವುದು ಸಂಗ್ರಹದ ಮೇಲೆಯೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಕೊಟ್ಟ ಅಂದಾಜಿನಂತೆ ಪ್ರಪಂಚದ ಆಹಾರದಲ್ಲಿ ಸುಮಾರು ಶೇಕಡ 14ರಷ್ಟು ಕೊಯ್ಲಿನ ನಂತರ, ಚಿಲ್ಲರೆ ಅಂಗಡಿ ತಲುಪುವ ಮೊದಲೇ ನಷ್ಟವಾಗುತ್ತದೆ. ನಮ್ಮ ದೇಶದಲ್ಲಿ ಲೂಧಿಯಾನದ ಕೊಯ್ಲೋತ್ತರ ಸಂಶೋಧನಾ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೇಳೆಕಾಳುಗಳ ನಷ್ಟ ಬೆಳೆಯಿಂದ ಬೆಳೆಗೆ ಶೇಕಡ 6.36ರಿಂದ 8.41ರವರೆಗೆ ಇದ್ದು, ಏಕದಳ ಧಾನ್ಯಗಳ ಶೇಕಡ 4.65ರಿಂದ 5.99ರ ನಷ್ಟಕ್ಕಿಂತ ಹೆಚ್ಚು. ಅಂದರೆ ಬಡವರ ತಟ್ಟೆಯಲ್ಲಿ ಮೊದಲೇ ಕಡಿಮೆಯಿರುವ ಸಸಾರಜನಕವೇ ಹೆಚ್ಚು ಪಾಲು ನಷ್ಟವಾಗುತ್ತಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಮತ್ತು ನಮ್ಮ ರಾಜ್ಯದ ಅನ್ನಭಾಗ್ಯದಿಂದ ಪಡಿತರ ಅಂಗಡಿಯಲ್ಲಿ ಅಕ್ಕಿ, ರಾಗಿ ಸಿಗುತ್ತವೆ. ಆ ಅನ್ನ ಮುದ್ದೆಗಳ ಜೊತೆಗಿನ ಸಾರಿನ ಕಾಳು ಮಾತ್ರ ಹೆಚ್ಚಾಗಿ ರಾಗಿಯ ನಡುವೆ ಕಾಳು ಬಿತ್ತುವ ಅಕ್ಕಡಿ ಸಾಲಿನಿಂದಲೋ ಸಂತೆಯಿಂದಲೋ ಬರಬೇಕು.

ಈ ಚೀಲ ಯಾವುದರ ಬದಲಿಗೆ ಬರುತ್ತದೆ ಎಂಬುದನ್ನೂ ಹೇಳಬೇಕು. ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಕಾಳಿಗೆ ಬೂದಿ ಬೆರೆಸುವುದು, ಹರಳೆಣ್ಣೆ ಸವರುವುದು ಒಳ್ಳೆಯ ಪದ್ಧತಿಗಳು. ಐದು ಹತ್ತು ಸೇರಿಗೆ ಇಂದಿಗೂ ಸಾಕು. ಚೀಲಗಟ್ಟಲೆ ಕಾಳಿರುವಾಗ ಅಷ್ಟು ದುಡಿಮೆಗೆ ಮನೆಯಲ್ಲಿ ಕೈಗಳಿಲ್ಲ, ಮತ್ತು ಆ ದುಡಿಮೆ ಬಹುಪಾಲು ಹೆಂಗಸರದೇ. ಹಾಗಾಗಿ ಹಲವರು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗೆ ಕೈ ಹಾಕುತ್ತಾರೆ. ಇದರ ಬಗ್ಗೆ ನಾನು ಮೃದುವಾಗಿ ಬರೆಯಲಾರೆ. ಗಾಳಿಯ ತೇವ ತಾಗಿದ ಕೂಡಲೇ ಫಾಸ್ಫೀನ್ ಎಂಬ ವಿಷಾನಿಲ ಬಿಡುವ ಈ ಗುಳಿಗೆಗೆ ಪ್ರತಿಮದ್ದಿಲ್ಲ. ಸರ್ಕಾರಿ ತಜ್ಞರು ಅಥವಾ ಅನುಮತಿ ಪಡೆದ ಕೀಟನಿಯಂತ್ರಕರು ಮಾತ್ರ ಬಳಸಬೇಕೆಂಬ ನಿಯಮ ಇರುವುದು ಆ ಕಾರಣಕ್ಕೇ. ಮಕ್ಕಳು ಮಲಗುವ ಕೋಣೆಯ ಮೂಲೆಯಲ್ಲಿ ಕಾಳಿನ ಚೀಲವಿಟ್ಟು ಅದರೊಳಗೆ ಗುಳಿಗೆ ಹಾಕುವ ಮನೆಗಳಿವೆ. ಬೇರೆ ಯಾವ ಗುಣವೂ ಇಲ್ಲದಿದ್ದರೂ, ಆ ಗುಳಿಗೆಯನ್ನು ಮನೆಯಿಂದ ಆಚೆ ಹಾಕುತ್ತದೆ ಎಂಬ ಒಂದೇ ಕಾರಣಕ್ಕೆ ಈ ಚೀಲವನ್ನು ನಾನು ಕೊಳ್ಳುತ್ತಿದ್ದೆ.

ದೋಷಗಳಿಲ್ಲವೆಂದಲ್ಲ. ಮೊದಲನೆಯದಾಗಿ ಇದು ತೇವದ ಕಾಳನ್ನು ಕ್ಷಮಿಸುವುದಿಲ್ಲ. ಗೋಣಿಚೀಲದಲ್ಲಿ ಅಲ್ಪಸ್ವಲ್ಪ ತೇವ ಆರಿಹೋಗುತ್ತದೆ, ಇಲ್ಲಿ ಒಳಗಿನದು ಒಳಗೇ ಉಳಿದು ಕಾಳು ಮುಗ್ಗುತ್ತದೆ, ಬೂಷ್ಟು ಹಿಡಿಯುತ್ತದೆ. ಕಡಲೆಕಾಯಿಯಲ್ಲಾದರೆ ಆ ಬೂಷ್ಟು ಆಫ್ಲಾಟಾಕ್ಸಿನ್ ಎಂಬ ವಿಷವನ್ನೂ ಉಂಟುಮಾಡಬಹುದು. ಬೇಳೆಕಾಳಿನ ತೇವಾಂಶ ಶೇಕಡ 12ನ್ನು, ವರ್ಷವಿಡೀ ಇಡುವ ಭತ್ತದ ತೇವಾಂಶ ಶೇಕಡ 13ನ್ನು ಮೀರಬಾರದು. ತೇವ ಅಳೆಯುವ ಯಂತ್ರವಿಲ್ಲದವರಿಗೆ ಸುಲಭವಾದ ಒಂದು ಪರೀಕ್ಷೆಯಿದೆ: ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು ಮತ್ತು ಹುರಿದು ಆರಿಸಿದ ಒಂದೆರಡು ಚಮಚ ಪುಡಿಯುಪ್ಪು ಹಾಕಿ, ಮುಚ್ಚಳ ಮುಚ್ಚಿ ಕುಲುಕಿ, ಕಾಲು ಗಂಟೆ ಬಿಟ್ಟು ನೋಡಿದಾಗ ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ಕಾಳಿಗೆ ಇನ್ನೂ ಬಿಸಿಲು ಬೇಕು. ಪುಷ್ಯ ಮಾಘದ ಅವರೆ, ಹುರುಳಿಗೆ ಇದು ಕಷ್ಟವಲ್ಲ. ಆಷಾಢದ ಮೋಡದ ನಡುವೆ ಕೊಯ್ಲಿಗೆ ಬರುವ ಅಲಸಂದೆಗೆ ನಿಜವಾಗಿಯೂ ಕಷ್ಟ. ಬಿಸಿಲಿನಿಂದ ತೆಗೆದ ಕಾಳನ್ನು ಬಿಸಿಯಿರುವಾಗಲೇ ಕಟ್ಟದೆ ಪೂರ್ತಿ ಆರಲು ಬಿಡುವುದೂ ಅಷ್ಟೇ ಮುಖ್ಯ.

ಎರಡನೆಯದು ತೂತಿನ ಸಮಸ್ಯೆ. ರಸ್ತೆಯಲ್ಲಿ ಹರಡಿ ಗಾಡಿಗಳ ಚಕ್ರದಡಿ ಒಕ್ಕಣೆ ಮಾಡಿದ ಹುರುಳಿಯಲ್ಲಿ ಚೂಪು ಕಲ್ಲು, ಒಣಕಡ್ಡಿ ಸೇರಿಯೇ ಇರುತ್ತವೆ. ಮೊರದಲ್ಲಿ ಕೇರಿ, ಜರಡಿ ಹಿಡಿಯದೆ ಸುರಿದರೆ ಒಳಪದರಕ್ಕೆ ಸೂಜಿಮೊನೆಯಷ್ಟು ತೂತು ಬಿದ್ದರೂ ಆ ಜಾಗದಲ್ಲಿ ಗಾಳಿ ನುಸುಳುತ್ತದೆ. ಪ್ರತಿ ಸಲ ತುಂಬುವ ಮೊದಲು ಒಳಚೀಲಕ್ಕೆ ಗಾಳಿ ತುಂಬಿ, ಬಾಯಿ ತಿರುಚಿ ಹಿಡಿದು, ಕೆನ್ನೆಯ ಹತ್ತಿರ ಒತ್ತಿ ನೋಡಿದರೆ ಗಾಳಿ ಸೋರುವುದು ತಿಳಿಯುತ್ತದೆ. ಇಲಿಗೆ ಈ ಚೀಲ ಯಾವ ಅಡ್ಡಿಯೂ ಅಲ್ಲ. ಗೋಡೆಯಿಂದ ಒಂದು ಮೊಳ ದೂರ, ಹಲಗೆಯ ಮೇಲೆ, ಸುತ್ತ ಚೊಕ್ಕಟವಾಗಿಟ್ಟರೂ ಇಲಿಯ ಕಾಟವಿರುವ ಮನೆಯಲ್ಲಿ ತಗಡಿನ ಡ್ರಮ್ಮಿನೊಳಗೆ ಚೀಲವಿಡುವುದು ಲೇಸು.

ಪದೇ ಪದೇ ಬಿಚ್ಚುವ ಚೀಲದಿಂದ ಪ್ರಯೋಜನವಿಲ್ಲ, ಏಕೆಂದರೆ ಬಿಚ್ಚಿದಾಗಲೆಲ್ಲ ಹೊಸ ಗಾಳಿ ಒಳಹೋಗುತ್ತದೆ. ತಿಂಗಳ ಖರ್ಚಿನ ಕಾಳನ್ನು ಡಬ್ಬಿಗೆ ತೆಗೆದಿಟ್ಟು ಉಳಿದದ್ದನ್ನು ಕೂಡಲೇ ಮತ್ತೆ ಕಟ್ಟಬೇಕು. ಬೀಜದ ಚೀಲವನ್ನಂತೂ ಬಿತ್ತನೆಯವರೆಗೆ ಮುಟ್ಟಲೇಬಾರದು.

ರಾಗಿಗೆ ಏಕೆ ಬೇಡವೆಂದರೆ, ಅಷ್ಟು ಸಣ್ಣ, ಗಟ್ಟಿ ಕಾಳಿನೊಳಗೆ ಈ ದುಂಬಿಗಳು ಬೆಳೆಯಲಾರವು. ಚೆನ್ನಾಗಿ ಒಣಗಿದ ರಾಗಿ ಸಾಧಾರಣ ಚೀಲದಲ್ಲಿಯೇ ವರ್ಷಗಟ್ಟಲೆ ಇರುತ್ತದೆ. ಊಟದ ಭತ್ತಕ್ಕೆ ಕೊಳ್ಳುವುದು ಅವರವರ ಅನುಕೂಲ. ರಾಜಮುಡಿಯಂಥ ನಾಟಿ ಭತ್ತದ ಬೀಜ ಕಾಪಾಡುವವರಿಗೆ ಮಾತ್ರ ಇದು ಬಹಳ ಉಪಯುಕ್ತ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ಪ್ರತಿ ವರ್ಷ ಬೆಳೆದು ಉಳಿಸಿಕೊಂಡು ಬಂದಿರುವ ಬಗೆಯನ್ನು ಕಂಡವರಿಗೆ, ಒಂದು ವರ್ಷದ ಬೀಜ ಕೆಟ್ಟರೆ ಕಳೆದುಹೋಗುವುದು ಎಷ್ಟೆಂಬುದು ಗೊತ್ತು.

ಪ್ಲಾಸ್ಟಿಕ್ಕಿನ ಪ್ರಶ್ನೆಯನ್ನು ಬದಿಗಿಡಲಾಗದು. ಸುಸ್ಥಿರ ಕೃಷಿಯ ಹೆಸರಿನಲ್ಲಿ ಹೊಲಕ್ಕೆ ಇನ್ನಷ್ಟು ಪ್ಲಾಸ್ಟಿಕ್ ತರುವುದು ನನಗೆ ಸಮಾಧಾನದ ವಿಷಯವಲ್ಲ. ಆದರೂ ಮೂರು ಹಂಗಾಮು ಬರುವ ಒಂದು ಚೀಲವನ್ನು, ಪ್ರತಿ ವರ್ಷ ಹುಳದ ಪಾಲಾಗುವ ಕಾಳಿಗಾಗಿ ಸುರಿದ ನೀರು, ಗೊಬ್ಬರ, ದುಡಿಮೆಗಳ ಜೊತೆಗಿಟ್ಟು ತೂಗಿದಾಗ ನಾನು ಚೀಲದ ಕಡೆಗೇ ವಾಲುತ್ತೇನೆ. ಒಳಪದರ ಹರಿದರೂ ಹೊರಚೀಲ ಬೇರೆ ಕೆಲಸಕ್ಕೆ ಬರುತ್ತದೆ. ಹರಿದ ಒಳಚೀಲವನ್ನು ಸುಡದೆ ಗುಜರಿಗೆ ಹಾಕಬೇಕು.

ನಾನು ಅತೃಪ್ತಳಾಗಿರುವುದು ಇದು ಸಿಗುವ ರೀತಿಯ ಬಗ್ಗೆ. ಹೋಬಳಿ ಕೇಂದ್ರದ ಅಂಗಡಿಗಳಲ್ಲಿ ಕೇಳಿದರೆ ಬಹುತೇಕರಿಗೆ ಇದರ ಹೆಸರೇ ತಿಳಿಯದು, ಮತ್ತು ಒಬ್ಬ ವ್ಯಾಪಾರಿ ಇದೇ ಎಂದು ಕೊಟ್ಟ ಚೀಲದ ಒಳಗೆ ತೆಳುವಾದ ಒಂದೇ ಹಾಳೆಯಿತ್ತು. ಆದ್ದರಿಂದ ಕೊಳ್ಳುವಾಗ ಒಳಗೆ ಎರಡು ಪ್ರತ್ಯೇಕ ಚೀಲಗಳಿವೆಯೇ, ಒಂದೇ ಚೀಲವಿದ್ದರೆ ಅದು ಆಮ್ಲಜನಕ ತಡೆಯುವ ಹಾಳೆಯದೆಂದು ನಮೂದಾಗಿದೆಯೇ, ದಪ್ಪ ಎಷ್ಟು ಮೈಕ್ರಾನ್ ಎಂದು ನೋಡಿಯೇ ಹಣ ಕೊಡಬೇಕು. 1950ರಿಂದ ಆಹಾರ ಸಂರಕ್ಷಣೆಯ ಸಂಶೋಧನೆ ನಡೆಸುತ್ತಿರುವ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಮೈಸೂರಿನಲ್ಲಿಯೇ ಇದೆ, ವಿ.ಸಿ. ಫಾರ್ಮಿನ ಕೃಷಿ ವಿಜ್ಞಾನ ಕೇಂದ್ರ ಮಂಡ್ಯದ ಪಕ್ಕದಲ್ಲಿದೆ. ಇಷ್ಟು ವಿದ್ಯೆ ಸುತ್ತಲಿರುವ ಜಿಲ್ಲೆಗಳಲ್ಲಿ ಇಂಥ ಸರಳ ಸಾಧನಕ್ಕಾಗಿ ರೈತರು ದೂರದ ಊರುಗಳಿಂದ ಪಾರ್ಸೆಲ್ ತರಿಸುವಂತಾಗಬಾರದು. ರೈತ ಸಂಪರ್ಕ ಕೇಂದ್ರಗಳಲ್ಲಿ ಸಹಾಯಧನದಲ್ಲಿ ಟಾರ್ಪಾಲು ಕೊಡುವ ವ್ಯವಸ್ಥೆ ಈಗಾಗಲೇ ಇದೆ. ಕಾಳು ಒಣಗಿಸಲು ಟಾರ್ಪಾಲು, ಒಣಗಿದ್ದನ್ನು ಕಟ್ಟಿಡಲು ಈ ಚೀಲ, ಎರಡನ್ನೂ ಒಟ್ಟಿಗೆ ಒಂದೇ ಅರ್ಜಿಯಲ್ಲಿ ಕೊಡುವುದು ಇಲಾಖೆಗೆ ಹೊರೆಯಾಗದು. ಅಲಸಂದೆ ಬೆಳೆಯುವ ತಾಲ್ಲೂಕುಗಳಿಗೆ ಜೂನ್ ಮುಗಿಯುವ ಮೊದಲು, ಅವರೆ ಹುರುಳಿಯ ತಾಲ್ಲೂಕುಗಳಿಗೆ ಡಿಸೆಂಬರ್ ಮುಗಿಯುವ ಮೊದಲು ಅವು ಬಂದಿರಬೇಕು, ಏಕೆಂದರೆ ಕಣದಲ್ಲಿ ಕಾಳು ಬಿದ್ದು ತಿಂಗಳು ಕಳೆದ ಮೇಲೆ ಬರುವ ಚೀಲ ಆ ವರ್ಷಕ್ಕೆ ಉಪಯೋಗಕ್ಕೆ ಬಾರದು.